ಗೆಳತಿಯ ಲೇಖನಕ್ಕೆ ನಾನು ಬರೆದ ಉತ್ತರ

ನನ್ನ ಗೆಳತಿಗೆ ಬೆದರಿಕೆ ಕರೆಗಳು ಬರುತ್ತಿವೆ ಎಂದು ಕೇಳಿದಾಗ ನನ್ನೊಳಗೆ ಮೊದಲು ಎದ್ದದ್ದು ಹೊಟ್ಟೆಕಿಚ್ಚು. ಭಯ ಬಂದದ್ದು ಆಮೇಲೆ, ಅದೂ ತಡವಾಗಿ.

ಹರಪನಹಳ್ಳಿಯಲ್ಲಿ ಕಾಲೇಜು ಓದುವಾಗ ಚರ್ಚಾಸ್ಪರ್ಧೆಗೆ ನಾವಿಬ್ಬರು ಜೋಡಿ. ಒಂದು ಕಾಲೇಜಿನಿಂದ ಇಬ್ಬರು ಹೋಗಬೇಕು. ಒಬ್ಬರು ವಿಷಯದ ಪರ, ಇನ್ನೊಬ್ಬರು ವಿರೋಧ. ಯಾರಿಗೆ ಯಾವುದು ಎನ್ನುವುದು ಚೀಟಿ ಎತ್ತಿದ ಮೇಲೆ ಗೊತ್ತಾಗುತ್ತಿತ್ತು. ನನಗೆ ಯಾವ ಚೀಟಿ ಬಂದರೂ ನಡೆಯುತ್ತಿತ್ತು. ಆಕೆ ಮಾತ್ರ ಚೀಟಿ ಬಿಚ್ಚಿ ನೋಡಿ, "ಇದು ನನಗ ಖರೇ ಅನ್ಸಂಗಿಲ್ಲಲೇ, ನೀನು ತಗೋ" ಎನ್ನುತ್ತಿದ್ದಳು. ನಾನು ತೆಗೆದುಕೊಂಡು ಬಹುಮಾನ ಹೊಡೆಯುತ್ತಿದ್ದೆ. ದೇವರಿಲ್ಲ ಎಂದು ಕೊಟ್ಟೂರಿನಲ್ಲಿ ವಾದಿಸಿ ಗೆದ್ದೆ. ಇದ್ದಾನೆ ಎಂದು ಹಡಗಲಿಯಲ್ಲಿ ವಾದಿಸಿಯೂ ಗೆದ್ದೆ. ಎರಡೂ ಕಡೆ ಮುಂದಿನ ಸಾಲಿನ ಹಿರಿಯರು ಚಪ್ಪಾಳೆ ತಟ್ಟಿದರು. ಆಕೆಗೆ ಸಮಾಧಾನಕರ ಬಹುಮಾನವೂ ಬಂದದ್ದಿಲ್ಲ.

ಈಗ ಆಕೆ ಹಗರಿಬೊಮ್ಮನಹಳ್ಳಿಯ ಹತ್ತಿರ ಒಂದು ಹೈಸ್ಕೂಲಿನಲ್ಲಿ ಅತಿಥಿ ಶಿಕ್ಷಕಿ. ಆಕೆಯ ತರಗತಿಯ ಒಬ್ಬ ಹುಡುಗಿ ಬಸ್ ಸ್ಟ್ಯಾಂಡಿನಲ್ಲಿ ಬೇರೆ ಧರ್ಮದ ಸಹಪಾಠಿಗೆ ನೋಟ್ಸ್ ಕೊಡುತ್ತಿದ್ದಾಗ, ಧರ್ಮ ಕಾಯುತ್ತೇವೆಂದು ತಿರುಗುವ ನಾಲ್ಕು ಜನ ಯುವಕರು ತಡೆದು ವಿಡಿಯೋ ಮಾಡಿ ಅವಳ ಅಪ್ಪನಿಗೆ ಕಳಿಸಿದರು. ಹುಡುಗಿಯ ಓದು ಅಲ್ಲಿಗೆ ನಿಂತಿತು. ಗೆಳತಿ ಒಂದು ಸಣ್ಣ ವಾರಪತ್ರಿಕೆಯಲ್ಲಿ ಅದನ್ನು ಬರೆದಳು. 'ನಾನೂ ದಿನಾ ದೀಪ ಹಚ್ಚುವವಳೇ, ನನ್ನ ದೇವರ ಹೆಸರಿನಲ್ಲಿ ಒಬ್ಬ ಹುಡುಗಿಯ ಶಾಲೆ ಬಿಡಿಸಲು ನಿಮಗೆ ಅಧಿಕಾರ ಕೊಟ್ಟವರು ಯಾರು?' ಎಂದು ಅದರಲ್ಲಿ ಕೇಳಿದ್ದಳು.

ವಾರದೊಳಗೆ ಆಕೆಯ ಫೋಟೋ, ಮೊಬೈಲ್ ನಂಬರ್ ಎಲ್ಲ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡಿದವು. ಗಂಡಸು ಬರೆದಿದ್ದರೆ ಧರ್ಮದ್ರೋಹಿ ಎಂದಾದರೂ ಬೈಯುತ್ತಿದ್ದರೇನೋ. ಆಕೆಗೆ ಆ ಮರ್ಯಾದೆಯೂ ಸಿಗಲಿಲ್ಲ. ಇನ್ನೂ ಯಾಕೆ ಮದುವೆಯಾಗಿಲ್ಲ, ರೂಮಿಗೆ ಯಾರು ಬಂದು ಹೋಗುತ್ತಾರೆ, ರಸ್ತೆಯಲ್ಲಿ ಸಿಕ್ಕರೆ ಏನು ಮಾಡಬೇಕು, ಬರೀ ಇದೇ. ಲೇಖನದ ಒಂದು ಸಾಲಿಗೂ ಯಾರೂ ಉತ್ತರ ಕೊಡಲಿಲ್ಲ.

ಇನ್ನೊಂದು ಕಡೆ ಬೆಂಗಳೂರು, ಧಾರವಾಡಗಳಿಂದ ದೊಡ್ಡವರು ಆಕೆಗೆ ಫೋನ್ ಮಾಡಿದರು. ಯಾರೋ 'ದಿಟ್ಟ ಲೇಖಕಿ' ಎಂದು ಬರೆದರು. ಲೇಖಕಿ! ಒಂದೇ ಲೇಖನಕ್ಕೆ! ಆರು ವರ್ಷ ವೇದಿಕೆ ಮೇಲೆ ದೇವರು, ಸ್ವರ್ಗ, ಮಡಿ, ಮೈಲಿಗೆ ಎಲ್ಲವನ್ನೂ ಜಾಲಾಡಿದವಳು ನಾನು. ನನಗೆ ಒಬ್ಬನೂ ಬೆದರಿಕೆ ಹಾಕಿರಲಿಲ್ಲ. ಕೊಟ್ಟೂರಿನ ಕೋಚಿಂಗ್ ಸೆಂಟರಿನಲ್ಲಿ ಪಾಠ ಮುಗಿಸಿ ಕೂತು ಆ ಲೇಖನವನ್ನು ನಾಲ್ಕನೇ ಸಲ ಓದಿದೆ. ತಪ್ಪು ಹುಡುಕಲಿಕ್ಕೆಂದೇ ಓದಿದೆ. ಸಿಕ್ಕವು.

ಫೇಸ್‌ಬುಕ್ಕಿನಲ್ಲಿ ಉತ್ತರ ಬರೆದೆ. ಒಂದೇ ಘಟನೆಯಿಂದ ಇಡೀ ತಾಲ್ಲೂಕಿನ ಬಗ್ಗೆ ತೀರ್ಮಾನಕ್ಕೆ ಬರಬಹುದೇ? ಆ ಯುವಕರ ಹೇಳಿಕೆ ಯಾಕಿಲ್ಲ? ಸಾಕ್ಷ್ಯ ಕಡಿಮೆ, ಭಾವನೆ ಹೆಚ್ಚು. ಚೀಟಿಯಲ್ಲಿ 'ವಿರೋಧ' ಬಂದಿದ್ದರೆ ಹೇಗೆ ವಾದಿಸುತ್ತಿದ್ದೆನೋ ಹಾಗೆಯೇ. ಈ ಸಲ ಚೀಟಿ ಎತ್ತಿದವರು ಯಾರೂ ಇರಲಿಲ್ಲ. ಅಷ್ಟು ಹೊತ್ತಿಗೆ ಆಕೆಯ ಶಾಲೆಯ ಮುಂದೆ ಆ ಯುವಕರ ಬೈಕುಗಳು ನಿಲ್ಲುತ್ತಿದ್ದದ್ದು ನನಗೆ ಗೊತ್ತಿತ್ತು. ಆದರೂ ಬರೆದೆ.

ಮರುದಿನವೇ ಅದು ಆಕೆಯನ್ನು ಬೈಯುತ್ತಿದ್ದವರ ವಾಟ್ಸಾಪ್ ಗುಂಪುಗಳಲ್ಲಿತ್ತು, 'ಗೆಳತಿಯೇ ಬಯಲು ಮಾಡಿದ ಸುಳ್ಳು' ಎಂಬ ತಲೆಬರಹದೊಂದಿಗೆ. ಮೂರನೇ ದಿನ ಒಂದು ಫೋನ್ ಬಂತು.

"ನಮಸ್ಕಾರ್ರಿ ಮೇಡಮ್. ಭಾಳ ಚೆಂದ ಬರದೀರಿ. ಒಂದೊಂದು ಪಾಯಿಂಟೂ ಹೊಡದಂಗ ಐತಿ ನೋಡ್ರಿ."

ಸುಳ್ಳು ಯಾಕೆ ಹೇಳಲಿ, ಖುಷಿಯಾಯಿತು. ಥ್ಯಾಂಕ್ಸ್ ಎಂದೂ ಹೇಳಿದೆ.

"ಆಕಿಗಿ ಸ್ವಲ್ಪ ಬುದ್ಧಿ ಹೇಳಬೇಕಾಗೈತ್ರಿ. ಫೋನ್ ಎತ್ತವಲ್ಲಳು. ಸಂಜಿಮುಂದ ಯಾವ ಬಸ್ಸಿಗಿ ಬರ್ತಾಳ, ಎಲ್ಲಿ ಇಳೀತಾಳ, ನಿಮಗ ಗೊತ್ತಿರತೈತಲ್ರಿ?"

ಗೊತ್ತಿತ್ತು. ಬಸ್ಸು, ಸ್ಟಾಪು, ಅಲ್ಲಿಂದ ರೂಮಿನವರೆಗಿನ ಖಾಲಿ ದಾರಿ, ಎಲ್ಲವೂ. ಅವನ ಮಾತು ಮುಗಿಯುತ್ತಲೇ ಫೋನ್ ಇಟ್ಟೆ.

ಆವತ್ತೇ ಹಗರಿಬೊಮ್ಮನಹಳ್ಳಿಯ ಬಸ್ ಹತ್ತಿದೆ. ಆಕೆ ಬಾಗಿಲು ತೆಗೆದವಳೇ, "ಬಾರಲೇ, ವಿರೋಧ ಪಕ್ಷದಾಕಿ" ಎಂದಳು. ಕಿಟಕಿ ಮುಚ್ಚಿತ್ತು. ಮನೆಯ ಒಡತಿ ತಿಂಗಳ ಕೊನೆಗೆ ರೂಮು ಬಿಡಲು ಹೇಳಿದ್ದರಂತೆ. ನಾನು ನಿಂತಲ್ಲೇ ಫೋನಿನ ವಿಷಯ ಹೇಳಿದೆ.

"ಬಸ್ಸು ಹೇಳಿದಿ?"

"ಇಲ್ಲ."

"ಖರೇ?"

"ಇಲ್ಲಲೇ, ಆಣಿ."

"ದೇವರಿಲ್ಲ ಅನ್ನಾಕಿ ಯಾರ ಆಣಿ ಮಾಡ್ತಿ?" ಎಂದು ನಕ್ಕಳು. ನಗು ಅರ್ಧಕ್ಕೇ ನಿಂತಿತು. "ನೀ ಬರದದ್ದರಾಗ ಎರಡನೇ ಮಾತು ಬರೋಬ್ಬರಿ ಐತಿ. ಅವರನ್ನ ಕೇಳಬೇಕಿತ್ತು. ನನಗ ಹೇಳಬೇಕಿತ್ತಲ್ಲ, ಊರಿಗಿ ಯಾಕ್ ಹೇಳಿದಿ?"

"ಹೊಟ್ಟಿ ಉರೀತು."

"ಯಾತಕ್ಕ?"

"ಎಲ್ಲಾರೂ ನಿನ್ನ ಹೆಸರೇ ಅಂತಾರ."

ಆಕೆ ತನ್ನ ಮೊಬೈಲನ್ನು ನನ್ನ ಕೈಗಿಟ್ಟಳು. "ತಗೋ. ಓದು, ಏನೇನ್ ಅಂತಾರ."

ಹತ್ತು ಮೆಸೇಜು ಓದಿ ಮೊಬೈಲನ್ನು ಬೋರಲು ಹಾಕಿದೆ. ಆಕೆ ಎರಡು ವಾರದಿಂದ ಇದನ್ನು ಓದಿಕೊಂಡೇ ಶಾಲೆಗೆ ಹೋಗಿ ಬರುತ್ತಿದ್ದಳು.

ಪೋಸ್ಟ್ ಅಳಿಸುತ್ತೇನೆಂದೆ. "ಅಳಿಸಬ್ಯಾಡ. ಅದರ ಫೋಟೋ ಅವರತ್ರ ಐತಿ, ನಮ್ಮತ್ರಾನೂ ಇರ್ಲಿ. ನಾಳಿ ನನ್ನ ಜೋಡಿ ಠಾಣೆಗಿ ಬಾ. ಬಸ್ಸು ಕೇಳಿದಂವನ ನಂಬರ್ ನಿನ್ನತ್ರ ಅಷ್ಟೇ ಐತಿ."

ಠಾಣೆಯಲ್ಲಿ ದೂರು ಬರೆದುಕೊಳ್ಳುವ ಪೇದೆ ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿದರು. "ಮಾಸ್ತರಿಕಿ ಮಾಡ್ಕೊಂಡು ಇರದ್ ಬಿಟ್ಟು ಇವೆಲ್ಲ ಯಾಕ್ರಿ ಬೇಕಿತ್ತು ತಂಗಿ?" ನಾನು ವಾದಕ್ಕೆ ಬಾಯಿ ತೆರೆದೆ. ಗೆಳತಿ ಕಾಲು ತುಳಿದಳು. "ದೂರು ಕೊಡಾಕ ಬಂದೀವ್ರಿ ಸರ್. ತಗೊಂಡು ಸ್ವೀಕೃತಿ ಕೊಡ್ರಿ" ಎಂದಷ್ಟೇ ಹೇಳಿ ಅಲುಗದೆ ಕೂತಳು. ಒಂದೂವರೆ ತಾಸು. ಕೊನೆಗೆ ಅವರು ಹಾಳೆ ಎಳೆದುಕೊಂಡರು. ನನಗೆ ಆ ಕ್ಷಣದಲ್ಲೂ ಆಕೆಯ ಮೇಲೆ ಹೊಟ್ಟೆಕಿಚ್ಚೇ ಆಯಿತು.

ನನ್ನ ಪೋಸ್ಟನ್ನೂ ದೂರಿಗೆ ಲಗತ್ತಿಸಬೇಕೆಂದು ಆಕೆಯೇ ಹೇಳಿದಳು. ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ ತಂದೆ. ಇದನ್ನು ಬರೆದವಳು ನಾನೇ, ಇದನ್ನು ಮೆಚ್ಚಿ ಫೋನ್ ಮಾಡಿದವನೇ ಈಕೆಯ ಬಸ್ಸು ಕೇಳಿದ ಎಂದು ಕೆಳಗೆ ಬರೆದು, ಅವನ ನಂಬರನ್ನೂ ನನ್ನ ಹೆಸರನ್ನೂ ವಿಳಾಸವನ್ನೂ ಹಾಕಿ ಸಹಿ ಮಾಡಿದೆ.