ಅಜ್ಜಿಯ ಬೆಂಕಿ ಹೊಳೆ ದಾಟಿದ್ದು

ಮನೆ ಬದಲಿಸುವ ಕೆಲಸ ಕೆಡಲು ಶುರುವಾದದ್ದು ಬೆಳಿಗ್ಗೆ ಏಳೂಕಾಲಿಗೆ. ನಾನೂ ಗಾಡಿಯವನೂ ಕಪಾಟನ್ನು ಗಾಡಿಗೇರಿಸಿ ಬೆವರು ಒರೆಸಿಕೊಳ್ಳುತ್ತಿದ್ದೆವು. ಅಷ್ಟರಲ್ಲಿ ಅಜ್ಜಿ ಮುಚ್ಚಳ ಹಾಕಿದ ಮಣ್ಣಿನ ಗಡಿಗೆಯೊಂದನ್ನು ಕೂಸಿನ ಹಾಗೆ ಎದೆಗವಚಿಕೊಂಡು ಹೊರಗೆ ಬಂದಳು. ಗಾಡಿಯವನು ಮೂಗು ಅರಳಿಸಿದ.

"ಅದರಾಗ ಏನೈತ್ರಿ ಅವ್ವಾರ?"

"ಬೆಂಕಿ."

"ಬೆಂಕಿ ಒಯ್ಯೂದಿಲ್ರಿ. ಎತ್ತು ಬೆದರ್ತಾವ."

ಅದು ಅಂಥಿಂಥ ಬೆಂಕಿಯಲ್ಲ. ಅಜ್ಜಿ ಮದುವೆಯಾಗಿ ಧಾರವಾಡದ ಮನೆ ಹೊಕ್ಕಾಗ ಅವಳ ಅತ್ತೆ ಒಪ್ಪಿಸಿಕೊಟ್ಟ ಒಲೆಯ ಬೆಂಕಿ. ರಾತ್ರಿ ಕುಳ್ಳಿನ ಚೂರು ಇಟ್ಟು ಬೂದಿ ಮುಚ್ಚುವುದು, ಬೆಳಿಗ್ಗೆ ಬೂದಿ ಕೆದಕಿ ಊದುವುದು. ಅಂದಿನಿಂದ ಒಂದು ದಿನವೂ ಅದನ್ನು ಆರಗೊಟ್ಟವಳಲ್ಲ. ಅಜ್ಜನಿಗೆ ಪುಣೆಗೆ ವರ್ಗವಾದಾಗ ಅದು ಟಿಕೆಟ್ಟಿಲ್ಲದೆ ರೈಲಿನಲ್ಲಿ ಬಂದಿತ್ತು. ಆರಿಸದೆ ಸೊಸೆಯ ಕೈಗೆ, ಅಂದರೆ ನಮ್ಮ ಅವ್ವನ ಕೈಗೆ, ಒಪ್ಪಿಸಿಬಿಟ್ಟರೆ ತನ್ನ ಕೆಲಸ ಮುಗಿಯಿತು ಎನ್ನುತ್ತಿದ್ದಳು. ಅಜ್ಜ ಹೋದ ಮೇಲೆ ಅವಳಿಗೆ ಬೇರೆ ಆಸೆ ಇದ್ದದ್ದನ್ನು ನಾನು ಕಾಣೆ.

ನಾನು ಆಗಷ್ಟೇ ರಸಾಯನಶಾಸ್ತ್ರದಲ್ಲಿ ಬಿ.ಎಸ್ಸಿ. ಪಾಸಾಗಿದ್ದೆ. ಉರಿ ಎಂಬುದು ಕ್ಷಣಕ್ಷಣಕ್ಕೂ ಹೊಸದು, ನಿನ್ನೆಯ ಬೆಂಕಿ ಇವತ್ತು ಇರುವುದಿಲ್ಲ ಎಂದು ಒಮ್ಮೆ ಅವಳಿಗೆ ವಿವರಿಸಿದ್ದೆ.

"ಹಂಗಾರ ನೀನೂ ನಿನ್ನೆಯಾಂವ ಅಲ್ಲ," ಎಂದಿದ್ದಳು. "ಮತ್ತ ನಿನ್ನೆ ನಾಕು ಹೋಳಿಗಿ ತಿಂದಾಂವ ಯಾವನಪಾ?"

ಈ ಗಾಡಿಯವನನ್ನು ಗೊತ್ತುಮಾಡಿದವಳೂ ಅವಳೇ. ಅವ್ವ ಕೈಗಾಡಿ ತಳ್ಳುವ ಇಬ್ಬರು ಮರಾಠಿಯವರನ್ನು ಕರೆತಂದಿದ್ದಳು. ಅಜ್ಜಿ ಇಬ್ಬರನ್ನೂ "ನಿಮ್ಮವ್ವ ಆರಾಮದಾಳೇನು?" ಎಂದು ಕನ್ನಡದಲ್ಲಿ ಕೇಳಿದಳು. ಅವರು ಮುಖ ಮುಖ ನೋಡಿಕೊಂಡರು. ಮೂರನೆಯವನು ಅಥಣಿಯ ಕಡೆಯವ. "ಆರಾಮದಾಳ್ರಿ ಅವ್ವಾರ, ಮೊಣಕಾಲೊಂದು ಹಿಡದೈತ್ರಿ" ಎಂದ. ಅಲ್ಲಿಗೆ ಪರೀಕ್ಷೆ ಮುಗಿಯಿತು. ಯಾರೂ ಕೇಳದಿದ್ದರೂ ಅವನು, ತನ್ನ ಎತ್ತುಗಳು ಒಬ್ಬ ಸಾಹೇಬನ ಪಿಯಾನೊವನ್ನು ಸಿಂಹಗಡಕ್ಕೆ ಏರಿಸಿದವು ಎಂದೂ ತಿಳಿಸಿದ.

ಆ ಪಿಯಾನೊ ಎಳೆದ ಎತ್ತುಗಳು ಬೆಂಕಿಗೆ ಹೆದರುತ್ತವೆ ಎಂದಾಗ ಅಜ್ಜಿ ವಾದಿಸಲಿಲ್ಲ. "ಆತ್ ಬಿಡಪಾ" ಎಂದು ಗಡಿಗೆಯನ್ನು ಒಳಗೆ ಒಯ್ದಳು. ಅವಳು ಅಷ್ಟು ಸಲೀಸಾಗಿ ಸೋತದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಒಳಗೆ, ನಾವು ಬಾಡಿಗೆಗಿದ್ದ ವಾಡೆಯ ಯಜಮಾನಿ (ಅವಳ ಸೊಸೆ ಹಡೆದು ನಾಲ್ಕು ದಿನವಾಗಿತ್ತು) ಎಂದಿನಂತೆ ನಮ್ಮ ಒಲೆಯಿಂದ ಕೆಂಡ ಬೇಡಿಕೊಂಡು ಹೋಗಲು ಬಂದಿದ್ದಳು. ಕೆಂಡದ ಜೊತೆಗೆ ನಮ್ಮ ಕಬ್ಬಿಣದ ಸೌಟೂ ಹೋಯಿತು. ಅವ್ವ ದೇವರ ಪೆಟ್ಟಿಗೆಯೊಂದಿಗೆ ಟಾಂಗಾದಲ್ಲಿ ಮುಂದೆ ಹೋದಳು. ಅಜ್ಜಿ ಮೈತುಂಬ ಕೌದಿ ಹೊದ್ದು ಬಂದು, ಗಾಡಿಯ ಮೇಲೆ ಹಾಸಿಗೆಗಳ ಸುರುಳಿ ಹತ್ತಿ ಕುಳಿತಳು.

"ಇಷ್ಟ್ಯಾಕ ಹೊತ್ಕೊಂಡಿ?" ಎಂದೆ.

"ಚಳಿ ಭಾಳ ಅದ."

ಕಾರ್ತಿಕ ಮಾಸ. ಚಳಿ ಇತ್ತು, ನಿಜ. ಆದರೆ ಅಜ್ಜಿಯ ಹಣೆಯ ಮೇಲೆ ಬೆವರೂ ಇತ್ತು.

ನಮ್ಮ ಹೊಸ ಮನೆ ಮುಠಾ ಹೊಳೆಯ ಆಚೆ, ಎರಂಡವಣೆಯ ಹೊಲಗಳ ಹತ್ತಿರ. ಹೋಗಬೇಕಾದದ್ದು ಲಕಡಿ ಪೂಲ್ ಮೇಲೆ. ಸೇತುವೆ ಇನ್ನೇನು ಬಂತು ಎನ್ನುವಾಗ ಸುಟ್ಟ ಅರಳೆಯ ವಾಸನೆ ಬಂತು.

"ಬೀಡಿ ಸೇದಾಕತ್ತೀರೇನ್ರಿ ಸಾಹೇಬ್ರ?" ಗಾಡಿಯವನು ಹೊರಳಿ ನೋಡದೆ ಕೇಳಿದ.

ನಾನು ಬೀಡಿ ಮುಟ್ಟಿದವನಲ್ಲ. ಮೇಲೆ ನೋಡಿದೆ. ಅಜ್ಜಿ ದೂರದ ಗುಡ್ಡಗಳನ್ನು ದಿಟ್ಟಿಸುತ್ತ ಉತ್ಸವಮೂರ್ತಿಯಂತೆ ಕುಳಿತಿದ್ದಳು. ಅವಳ ಸುತ್ತ ಧೂಪವೂ ಏಳುತ್ತಿತ್ತು.

"ಅಜ್ಜಿ, ಕೌದ್ಯಾಗ ಏನದ?"

"ಏನಿಲ್ಲ. ನೀ ಮುಂದ ನೋಡಿ ನಡಿ."

ಅಷ್ಟರಲ್ಲಿ ಅವಳ ಬೆನ್ನ ಹಿಂದಿನ ಹಾಸಿಗೆ ಭಗ್ಗೆಂದಿತು. ಎತ್ತುಗಳು ಒಮ್ಮೆ ಹಿಂದೆ ಕತ್ತು ಹೊರಳಿಸಿದವು. ಆಮೇಲೆ ಓಡಿದವು.

ಮುಂದಿನದು ನನಗೆ ಈಗಲೂ ತುಂಡು ತುಂಡಾಗಿ ನೆನಪಾಗುತ್ತದೆ, ಅದೂ ಬೇಡವಾದ ಹೊತ್ತಿನಲ್ಲಿ, ಬಾಯಲ್ಲಿ ತುತ್ತಿರುವಾಗ. ಗಾಡಿಯವನು ನೊಗದಿಂದ ಜಿಗಿದು ಹಗ್ಗ ಹಿಡಿದು ಜೋತುಬಿದ್ದದ್ದು. ಉರಿಯ ಮುಂದೆ ಅಜ್ಜಿಯ ನೆರೆತ ತಲೆ. ಅವಳು ದೇವರನ್ನು ಕೂಗಲಿಲ್ಲ, ನನ್ನನ್ನೂ ಕೂಗಲಿಲ್ಲ. "ಗಡಿಗಿ! ಗಡಿಗಿ!" ಎನ್ನುತ್ತಿದ್ದಳು. ಎತ್ತುಗಳು ಸೇತುವೆ ಹತ್ತಿದ್ದರೆ ಕಟ್ಟೆಗೆ ಬಡಿದು ಅವಳು ಕೆಳಗಿನ ಬಂಡೆಗಳ ಮೇಲೆ ಬೀಳುತ್ತಿದ್ದಳು. ಸಾವಿರ ಸಲ ನಾನು ಅವುಗಳನ್ನು ಮನಸ್ಸಿನಲ್ಲಿ ಸೇತುವೆ ಹತ್ತಿಸಿದ್ದೇನೆ. ಅವು ಮಾತ್ರ ಎಡಕ್ಕೆ ತಿರುಗಿ ಇಳಿಜಾರಿನಲ್ಲಿ ಹೊಳೆಗೆ ಇಳಿದವು. ದಿನಾ ಸಂಜೆ ಅವುಗಳ ಮೈ ತೊಳೆಯುತ್ತಿದ್ದದ್ದು ಅಲ್ಲಿಯೇ. ಗಾಬರಿಯಲ್ಲಿ ಅವಕ್ಕೆ ನೆನಪಾದದ್ದು ಸ್ನಾನ.

ಗಾಡಿ ನೀರಿಗೆ ನುಗ್ಗಿ ವಾಲಿತು. ಹಾಸಿಗೆಗಳು ಚುಂಯ್ ಎಂದವು. ನಾನು ಸೊಂಟಮಟ್ಟ ನೀರಿನಲ್ಲಿ ಎಡವುತ್ತ ಹೋದಾಗ ಅಜ್ಜಿ ಎದೆಮಟ್ಟ ನೀರಿನಲ್ಲಿ ಗಾಲಿ ಹಿಡಿದು ನಿಂತಿದ್ದಳು. ಸೀರೆಯ ಸೆರಗು ಸುಟ್ಟಿತ್ತು, ಮೈ ಸುಟ್ಟಿರಲಿಲ್ಲ. ಇನ್ನೊಂದು ಕೈಯಲ್ಲಿ ಗಡಿಗೆ, ಅದರ ತುಂಬ ಕರಿ ನೀರು. ಅವಳು ಅದರೊಳಗೆ ನೋಡಿದಳು. ಗಾಡಿಯವನ ಕಡೆ ತಿರುಗಿದಳು.

"ಪಿಯಾನೊ ಸಿಂಹಗಡಕ್ಕ ಏರಿಸಿದಾಂವ, ಒಬ್ಬ ಮುದುಕೀನ ಹೊಳಿ ದಾಟಸಲಿಕ್ಕೆ ಆಗಲಿಲ್ಲೇನೊ ನಿನಗ?"

ಎತ್ತುಗಳ ಮೂಗುದಾರ ಹಿಡಿದು ನಿಂತಿದ್ದ ಅವನು ಹೇಳಿದ: "ಪಿಯಾನೊ ಬೆಂಕಿ ಕಾರೂದಿಲ್ರಿ ಅವ್ವಾರ."

ಹೊಸ ಮನೆಯಲ್ಲಿ ಅವ್ವ ಕಡ್ಡಿ ಗೀರಿ ಒಲೆ ಹಚ್ಚಿದಳು. ಅಜ್ಜಿ ಆ ಅಡುಗೆ ಮುಟ್ಟಲಿಲ್ಲ. "ಕಡ್ಡಿಪೆಟ್ಟಿಗಿ ಅನ್ನ ನೀವು ಉಣ್ರಿ" ಎಂದು ಮೊಸರವಲಕ್ಕಿ, ಬಾಳೆಹಣ್ಣಿನ ಮೇಲೆ ಇದ್ದಳು. ರಾತ್ರಿಯಾದರೆ ಎದ್ದು ಹೋಗಿ ಬೂದಿ ಕೆದಕುತ್ತಿದ್ದಳು. ಆ ಸದ್ದಿಗೆ ಅವ್ವನಿಗೆ ಎಚ್ಚರ. ಸದ್ದಿಲ್ಲದಿದ್ದರೆ, ಏನಾಯಿತೋ ಎಂದು ಮತ್ತೂ ಎಚ್ಚರ. ನಾನಂತೂ ಕನಸಿನಲ್ಲಿ ಹೊಗೆ ಕಂಡು, ತಂಬಿಗೆ ನೀರನ್ನು ಅವ್ವನ ಮೇಲೆ ಸುರಿದೆ. ದಿನೇ ದಿನೇ ಅಜ್ಜಿಯ ಮಾತು ಕಡಿಮೆಯಾಯಿತು. ಬೈಗುಳವೂ ನಿಂತಾಗ ನಮಗೆ ನಿಜವಾಗಿ ಭಯವಾಯಿತು.

ಆಗ ವಾಡೆಯ ಯಜಮಾನಿ ಬಂದಳು, ಸೌಟು ಹಿಂದಿರುಗಿಸಲು. "ಅಹೋ ಆಜಿ, ಗಡಿಬಿಡಿಯಲ್ಲಿ ನಿಮ್ಮ ಸೌಟು ನಮ್ಮಲ್ಲೇ ಉಳಿಯಿತು" ಎಂದು ಮರಾಠಿಯಲ್ಲಿ ಉಪಚಾರದ ಮಾತಾಡಿದಳು. ಅಜ್ಜಿ ಸೌಟನ್ನು ಹೊರಳಿಸಿ ಹೊರಳಿಸಿ ನೋಡಿದಳು.

"ಅವತ್ತಿನ ಕೆಂಡ ಏನು ಮಾಡಿದಿರಿ?" ಅವಳ ಮರಾಠಿಯೂ ಧಾರವಾಡದ್ದೇ.

"ಬಾಣಂತಿಯ ಮಂಚದ ಕೆಳಗೆ, ಮೈ ಕಾಯಿಸುವ ಶೇಗಡಿಗೆ ಹಾಕಿದೆ."

"ಆರಿಸಿದಿರೇನು?"

"ಬಾಣಂತಿಯ ಶೇಗಡಿಯನ್ನು ಯಾರಾದರೂ ಆರಿಸುತ್ತಾರೆಯೇ?" ಯಜಮಾನಿಗೆ ಸಿಟ್ಟೇ ಬಂತು. "ಹಗಲೂ ರಾತ್ರಿ ಇದ್ದಿಲು ಹಾಕುತ್ತಿದ್ದೇನೆ."

ಅಜ್ಜಿ ನನ್ನ ಕಡೆ ನೋಡಿದಳು. "ಏಳೋ ರಸಾಯನಶಾಸ್ತ್ರಿ. ನನ್ನ ಬೆಂಕಿ ಅಲ್ಲೇ ಅದ, ಹೋಗಿ ತಗೊಂಡು ಬಾ."

ನಾನು ಮೊದಲು ಹುಡುಕಿದ್ದು ಗಾಡಿಯವನನ್ನು. ಆ ಸೇತುವೆಯ ಮೇಲೆ ಬೆಂಕಿಯೊಡನೆ ಒಬ್ಬನೇ ಹೋಗಲು ನನಗೆ ಧೈರ್ಯವಿರಲಿಲ್ಲ. "ಎತ್ತು ಬ್ಯಾಡ್ರಿ, ನಾನ ಹೊರ್ತೇನಿ" ಎಂದ. ಶೇಗಡಿಯ ಕೆಂಡ ತುಂಬಿದ ಗಡಿಗೆಯನ್ನು ಮೈಯಿಂದ ದೂರ ಹಿಡಿದು ಅವನು ಮುಂದೆ, ತುಂಬಿದ ಕೊಡ ಹೊತ್ತು ನಾನು ಹಿಂದೆ. ಲಕಡಿ ಪೂಲ್ ಹತ್ತಿದ್ದೇ ತಡ, ಎದುರಿಗೆ ಬರುವವರು ಟೊಪ್ಪಿಗೆ ತೆಗೆದು ದಾರಿ ಬಿಡತೊಡಗಿದರು. ಮುಂದೆ ಬೆಂಕಿಯ ಗಡಿಗೆ, ಹಿಂದೆ ನೀರಿನ ಕೊಡ. ನಮ್ಮನ್ನು ಕಂಡವರು ಹೆಣ ಹಿಂದೆ ಬರುತ್ತಿದೆ ಎಂದೇ ತಿಳಿದರು. ಕೊಡೆ ಹಿಡಿದ ಮುದುಕರೊಬ್ಬರು ಮಾತಿಲ್ಲದೆ ನಮ್ಮ ಹಿಂದೆ ಹೆಜ್ಜೆ ಹಾಕಿದರು. ಹೆಣವೇ ಇಲ್ಲ ಎಂದು ಅವರಿಗೆ ಹೇಗೆ ಹೇಳಲಿ? ಮನೆಯ ಬಾಗಿಲ ತನಕ ಬಂದರು.

"ಯಾರು ಹೋದವರು?" ಎಂದು ಬಾಗಿಲಲ್ಲಿ ನಿಂತಿದ್ದ ಅಜ್ಜಿಯನ್ನೇ ಕೇಳಿದರು.

"ನಾನ ಹೋಗಾಕಿ ಇದ್ದೆ," ಎಂದಳು ಅಜ್ಜಿ ಕನ್ನಡದಲ್ಲಿ, ಗಡಿಗೆ ಇಸಕೊಳ್ಳುತ್ತ. "ಇನ್ನ ಅವಸರಿಲ್ಲ."

ಅವ್ವನನ್ನು ಕರೆದು ಕೆಂಡವನ್ನು ಅವಳ ಕೈಯಿಂದಲೇ ಒಲೆಗೆ ಹಾಕಿಸಿದಳು. "ಇನ್ನ ನಿಂದು. ನಾ ಏಳೂದಿಲ್ಲ." ಅನ್ನ ಬೇಯುವ ತನಕ ಒಲೆಯ ಮುಂದಿನಿಂದ ಕದಲಲಿಲ್ಲ. ಕೊಡೆಯ ಮುದುಕರಿಗೂ ಗಾಡಿಯವನಿಗೂ ಎಲೆ ಹಾಕಿದಳು. ಪಿಯಾನೊದ ಕಥೆ ಮೊದಲಿನಿಂದ ಹೇಳಿಸಿದಳು.

ಅದು ತುಳಸಿ ಮದುವೆಯ ದಿನ. ಆ ರಾತ್ರಿ ಬೂದಿ ಕೆದಕುವ ಸದ್ದಿರಲಿಲ್ಲ; ಅಜ್ಜಿಯ ಗೊರಕೆ ಇತ್ತು. ಹಾಲಿನವನು ಬಾಗಿಲು ಬಡಿದು ಬಡಿದು ಸಾಕಾಗಿ ಕಿಟಕಿಯಲ್ಲಿ ಕೂಗುವ ತನಕ ನಮ್ಮಲ್ಲಿ ಯಾರಿಗೂ ಎಚ್ಚರವಾಗಲಿಲ್ಲ.