ಆ ಗೋಡೆ ಮುಪ್ಪಿನಿಂದ ಬೀಳಲಿಲ್ಲ

ನಾನು ನಿಂತಿದ್ದು ಕೊಟ್ಟೂರಿನ ಒಂದು ಓಣಿಯಲ್ಲಿ, ಗೌರಮ್ಮತ್ತೆಯ ಮನೆಯ ಕಟ್ಟೆಯ ಮೇಲೆ. ಶಿವರಾತ್ರಿ ಕಳೆದು ಬಂದ ಸೋಮವಾರ, ಮಧ್ಯಾಹ್ನ ಎರಡೂವರೆಯ ಸುಮಾರು. ಎದುರಿಗೆ, ಒಂದು ಎತ್ತಿನ ಗಾಡಿ ಹಾಯುವಷ್ಟು ಅಗಲದ ಓಣಿಯ ಆಚೆ, ಕೊಟ್ರೇಶನ ಮನೆಯ ಪಡುವಣ ಗೋಡೆ. ಬಿಸಿಲು ನೇರವಾಗಿ ಅದರ ಮೇಲೆ ಬೀಳುತ್ತಿತ್ತು. ಆಕಾಶದಲ್ಲಿ ಒಂದು ತುಂಡು ಮೋಡವೂ ಇರಲಿಲ್ಲ.

ಮೋಡದ ವಿಷಯವನ್ನು ಮೊದಲೇ ಹೇಳಿಬಿಡುತ್ತಿದ್ದೇನೆ. ಯಾಕೆಂದರೆ ಆಮೇಲೆ ಕೆಲವರು ಮಳೆಯ ಮಾತೆತ್ತಿದರು.

ಗೌರಮ್ಮ ನನಗೆ ದೂರದ ಸಂಬಂಧದಲ್ಲಿ ಸೋದರತ್ತೆ. ವರ್ಷಕ್ಕೊಮ್ಮೆ ಅವರಲ್ಲಿಗೆ ಹೋಗಿ ಹೊಸ ಹುಣಸೆಹಣ್ಣು ತರುತ್ತೇನೆ. ಅವತ್ತೂ ಕಟ್ಟೆಯ ಮೇಲೆ ಕೂತು, ಕಲ್ಲಿನ ಮೇಲೆ ಹಣ್ಣಿಟ್ಟು ಕುಟ್ಟಿ ಬೀಜ ಬಿಡಿಸುತ್ತಿದ್ದರು.

"ಹೋದ ವರ್ಷದ್ದು ಇಷ್ಟ್ ಲಗೂ ಖಾಲಿ ಆತೇನು ಅಳಿಯಾ? ನಿನ್ ಹೆಂಡ್ತಿ ಸಾರಿಗೆ ಹಾಕ್ತಾಳೋ, ತಾಮ್ರದ ಚರಿಗಿ ತಿಕ್ಕತಾಳೋ?"

"ಎರಡಕ್ಕೂ ಬೇಕಲ್ಲತ್ತಿ" ಎಂದೆ.

ಅವರು ನಗಲಿಲ್ಲ. ಕುಟ್ಟುವ ಕಲ್ಲು ಅವರ ಕೈಯಲ್ಲೇ ಮೇಲೆ ನಿಂತಿತ್ತು. ನೋಟ ನನ್ನ ಬೆನ್ನ ಹಿಂದೆ ಇತ್ತು. "ಅಳಿಯಾ, ಆ ಗ್ವಾಡಿ ಯಾಕ ಹಂಗ ಹೊಟ್ಟಿ ಬಿಟ್ಕಂಡು ನಿಂತೈತಿ?"

ತಿರುಗಿ ನೋಡಿದೆ. ಗೋಡೆಯ ಬುಡದಲ್ಲಿ, ಮೊಣಕಾಲೆತ್ತರದಲ್ಲಿ, ಬಿಳಿ ಪೇಂಟಿನ ಸಿಮೆಂಟು ಓಣಿಯ ಕಡೆಗೆ ಉಬ್ಬಿತ್ತು. ನಾನು ನೋಡುತ್ತಿರುವಂತೆಯೇ ಅದರ ಮೇಲೆ ಅಡ್ಡಕ್ಕೆ ಒಂದು ಬಿರುಕು ಓಡಿತು. ಬುಡ ಹೊರಗೆ ಜಾರಿತು. ಮೇಲಿನ ಭಾಗ ಒಳಗೆ ಹೋಯಿತು. ಅದರ ಹಿಂದೆಯೇ ಚಾವಣಿಯ ತಗಡುಗಳು. ಇಷ್ಟೇ. ನಾನು ಒಂದು ಮಾತು ಕೂಗುವಷ್ಟು ಹೊತ್ತೂ ಹಿಡಿಯಲಿಲ್ಲ.

ಆ ಗೋಡೆಗೆ ಒತ್ತಿಕೊಂಡು ಕೊಟ್ರೇಶನ ಮಂಚ ಇತ್ತು. ಕೊಟ್ರೇಶ ಅದರ ಮೇಲೆ ಮಲಗಿದ್ದ.

ಕೊಟ್ರೇಶ ಮತ್ತು ಅವನ ಹೆಂಡತಿ ಹುಲಿಗೆಮ್ಮ ಬಸ್‌ಸ್ಟ್ಯಾಂಡ್ ಕಡೆ ತಳ್ಳುಗಾಡಿಯಲ್ಲಿ ಮಂಡಕ್ಕಿ, ಮಿರ್ಚಿ ಮಾಡಿ ಮಾರುತ್ತಿದ್ದರು. ಬೆಳಿಗ್ಗೆಯಿಂದ ಕಾದ ಎಣ್ಣೆಯ ಮುಂದೆ ನಿಲ್ಲುವವನು ಅವನು. ಮಧ್ಯಾಹ್ನ ಒಂದು ತಾಸು ಮನೆಗೆ ಬಂದು ಅಡ್ಡಾಗುತ್ತಿದ್ದ. ಆಗ ಗಾಡಿ ನೋಡಿಕೊಳ್ಳುವವಳು ಹುಲಿಗೆಮ್ಮ. ಒಂದು ತಾಸಿನ ತಂಪು. ಆ ಮನುಷ್ಯ ಈ ಲೋಕದಲ್ಲಿ ಕೇಳಿದ ಸೌಕರ್ಯ ಅದೊಂದೇ.

ಆ ಮನೆ ಮೊದಲು ತಂಪಾಗಿಯೇ ಇತ್ತು. ನಮ್ಮ ಕಡೆಯ ಹಳೆ ಮನೆಗಳನ್ನು ಕಂಡವರಿಗೆ ವಿವರಿಸಬೇಕಿಲ್ಲ. ಎರಡಡಿ ದಪ್ಪದ ಕಲ್ಲು-ಮಣ್ಣಿನ ಗೋಡೆ, ಮೇಲೆ ತೊಲೆ-ಜಂತಿ, ಅದರ ಮೇಲೆ ಮಣ್ಣು ಹೊದಿಸಿದ ಮಾಳಿಗೆ. ಮಾಳಿಗೆಗೆ ಪ್ರತಿ ಮಳೆಗಾಲದ ಮುಂಚೆ ನೀರು ಇಳಿಯಗೊಡದ ಕರಲು ಮಣ್ಣು ಹಾಕಿ ತುಳಿಯಬೇಕು, ಇಲ್ಲದಿದ್ದರೆ ಸೋರುತ್ತದೆ. ಈಗ ಕರಲು ತಂದುಕೊಡುವ ಗಾಡಿಗಳಿಲ್ಲ, ತುಳಿಯುವವರೂ ಇಲ್ಲ. ಮಾಳಿಗೆ ಸೋರಿತು. ಕೊಟ್ರೇಶ ಅದನ್ನು ಇಳಿಸಿ ತಗಡು ಹೊದಿಸಿದ. ಕೂಡ್ಲಿಗಿಯಿಂದ ಹಡಗಲಿಯವರೆಗೆ ನೂರಾರು ಮನೆಗಳಲ್ಲಿ ಆದದ್ದು ಇದೇ.

ತಗಡು ಬಂದ ಮೊದಲ ಬೇಸಿಗೆಗೇ ಮನೆ ಒಲೆಯಾಯಿತು.

ಸೆಕೆ ಎಲ್ಲಿಂದ ಬಂತು? ಮೇಲಿನಿಂದ. ಬೈದದ್ದು ಯಾರನ್ನು? ಗೋಡೆಯನ್ನು.

ಯಾಕೆಂದರೆ ಗೋಡೆ ಹಳೆಯದು, ತಗಡು ಹೊಸದು. ಹೊಸದು ತಪ್ಪು ಮಾಡುತ್ತದೆ ಎಂದು ನಮಗೆ ಅನಿಸುವುದೇ ಇಲ್ಲ. (ಸರ್ಕಾರದ ಭಾಷೆಯಲ್ಲಿ ಮಣ್ಣಿನ ಮನೆಗೆ ಕಚ್ಚಾ ಮನೆ ಎನ್ನುತ್ತಾರೆ. ಮೂರು ತಲೆಮಾರು ನಿಂತ ಗೋಡೆಯನ್ನು ಕಚ್ಚಾ ಎನ್ನುವವರು ಯಾವುದನ್ನು ಮಾಗಿದ್ದು ಎನ್ನುತ್ತಾರೋ ನನಗೆ ತಿಳಿದಿಲ್ಲ.)

ಹೋದ ವರ್ಷ ದಸರಾ ಸಮಯಕ್ಕೆ ಒಬ್ಬ ಕಾಂಟ್ರಾಕ್ಟರ್ ಬಂದ. ಹೊರಗಿನವನು. ವ್ಯಾನಿನ ಮೇಲೆ "ವರ್ಷಪೂರ್ತಿ ತಂಪು, ಚಳಿಗೆ ಬೆಚ್ಚಗೆ" ಎಂದು ಬರೆಸಿದ್ದ. ಕೈಯಲ್ಲಿ ಶಾಖ ಅಳೆಯುವ ಒಂದು ಗನ್. ಕೆಂಪು ಬೆಳಕು ಎಲ್ಲಿ ಬಿತ್ತೋ ಅಲ್ಲಿನ ಶಾಖ ತೋರಿಸುತ್ತದೆ. ಅದನ್ನು ಇಳಿಬಿಸಿಲಿನಲ್ಲಿ, ಹೊರಗಿನಿಂದ, ಈ ಪಡುವಣ ಗೋಡೆಗೆ ಹಿಡಿದ. ಬಿಸಿಲಿಗೆ ಹಿಡಿದ ಗೋಡೆ ಬಿಸಿ ತೋರಿಸದೆ ಮತ್ತೇನು ತೋರಿಸೀತು? ಒಳಗೆ ಬಂದು ತಲೆಯ ಮೇಲಿನ ತಗಡಿಗೆ ಒಮ್ಮೆಯಾದರೂ ಹಿಡಿದನೇ? ಇಲ್ಲ. ತಾನು ಮಾರುವುದು ಗೋಡೆಯ ಸಾಮಾನು ತಾನೇ.

ಇದನ್ನು ಕೊಟ್ರೇಶನೇ ಒಮ್ಮೆ ಮಿರ್ಚಿ ಕರಿಯುತ್ತ ನನಗೆ ಹೇಳಿದ್ದ. ಹೆಮ್ಮೆಯಿಂದಲೇ ಹೇಳಿದ್ದ.

"ಗ್ವಾಡಿಗೆ ಇನ್ಸುಲೇಷನ್ ಹಾಕ್ಸೀನಿ ಸರ. ಒಳಗ ಥರ್ಮಾಕೋಲು, ಅದರ ಮ್ಯಾಲ ಪ್ಲಾಸ್ಟಿಕ್ ಪ್ಯಾನೆಲ್ಲು. ಹೊರಗ ಸಿಮೆಂಟ್ ಗಿಲಾವು, ವಾಟರ್‌ಪ್ರೂಫ್ ಪೇಂಟು. ಫ್ರಿಜ್ ಇದ್ದಂಗ ಆಗತೈತಂತ."

"ಫ್ರಿಜ್‌ನ್ಯಾಗ ಮಕ್ಕೊಂಡು ನೀ ಬದನಿಕಾಯಿ ಆಗ್ತಿ" ಎಂದಳು ಹುಲಿಗೆಮ್ಮ, ಮೆಣಸಿನಕಾಯಿ ಸೀಳುತ್ತ.

"ಆಕಿಗೆ ಹೊಟ್ಟಿಕಿಚ್ಚು ಸರ. ಮಧ್ಯಾಹ್ನ ಮಲಗಾಂವ ನಾ ಅಲ್ಲೇನ್ರಿ."

ಮಣ್ಣಿನ ಗೋಡೆಯ ಬಗ್ಗೆ ನಾನು ಆಮೇಲೆ ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಹೇಳಬೇಕು. ಅದು ನೆಲದಿಂದ ತೇವ ಎಳೆಯುತ್ತದೆ. ಎಳೆದದ್ದನ್ನು ಗಾಳಿಗೆ ಬಿಡುತ್ತದೆ. ಮಣ್ಣು-ಸಗಣಿಯ ಸಾರಣೆ, ಸುಣ್ಣ ಇವು ಆ ತೇವವನ್ನು ಹೊರಗೆ ಹೋಗಲು ಬಿಡುತ್ತವೆ. ಅದಕ್ಕೇ ಅದು ತಂಪು. ಅದಕ್ಕೇ ಅದು ಗಟ್ಟಿ. ಹೊರಗೆ ಸಿಮೆಂಟು, ಒಳಗೆ ಪ್ಲಾಸ್ಟಿಕ್ಕು ಹಾಕಿದರೆ ತೇವ ಎಲ್ಲಿಗೆ ಹೋಗಬೇಕು? ಎಲ್ಲಿಗೂ ಹೋಗುವುದಿಲ್ಲ. ಅಲ್ಲೇ ಕೂರುತ್ತದೆ.

ಕೊಟ್ರೇಶನ ಗೋಡೆಗೆ ಇನ್ನೂ ಎರಡು ಕಡೆಯಿಂದ ನೀರು ಸಿಕ್ಕಿತ್ತು. ಒಂದು, ಓಣಿಗೆ ಹೊಸದಾಗಿ ಹಾಕಿದ ಸಿಮೆಂಟ್ ರಸ್ತೆ ಅವನ ಹೊಸ್ತಿಲಿಗಿಂತ ಎತ್ತರ. ನಾಲ್ಕು ಮನೆಯ ಬಚ್ಚಲ ನೀರು ಬಂದು ಇವನ ಗೋಡೆಯ ಬುಡದಲ್ಲಿ ನಿಲ್ಲುತ್ತಿತ್ತು. ಎರಡನೆಯದು ನನಗೆ ಗೊತ್ತಾದದ್ದು ಗೌರಮ್ಮತ್ತೆಯಿಂದ. ಅದಕ್ಕೆ ಆಮೇಲೆ ಬರುತ್ತೇನೆ.

ಗೋಡೆ ಬಿದ್ದಾಗ ನನಗಿಂತ ಮೊದಲು ಓಡಿದವನು ಪಕ್ಕದ ಮನೆಯ ದರ್ಜಿ ಮೌಲಾಸಾಬ್. ಕುತ್ತಿಗೆಗೆ ಟೇಪು ಹಾಕಿಕೊಂಡೇ ಬಂದಿದ್ದ. ಇಬ್ಬರೂ ತಗಡು ಎತ್ತಿ ಹಾಕಿ ಕೈಯಿಂದ ಮಣ್ಣು ತೋಡಿದೆವು. ಪ್ಯಾನೆಲ್ ಒಂದೇ ಹಲಗೆಯಾಗಿ ಮಂಚದ ಮೇಲೆ ಬಿದ್ದಿತ್ತು, ಅದರ ಮೇಲೆ ಗೋಡೆ. ಸಿಮೆಂಟಿನ ಚೂರುಗಳು ಬೂದಿಯಂತೆ ಒಣಗಿದ್ದವು. ಮಣ್ಣು ಒಣಗಿರಲಿಲ್ಲ. ನಾದಿದ ರೊಟ್ಟಿ ಹಿಟ್ಟಿನಂತಿತ್ತು. ಬೆರಳ ಸಂದಿಯಲ್ಲಿ ಹಿಂಡಿಕೊಂಡು ಬರುತ್ತಿತ್ತು. ಥರ್ಮಾಕೋಲಿನ ಹಿಂಭಾಗದಲ್ಲಿ ನೀರಿನ ಹನಿಗಳು ಸಾಲಾಗಿ ನಿಂತಿದ್ದವು.

ಮೌಲಾಸಾಬ್ ಒಂದು ಕ್ಷಣ ಕೈ ನಿಲ್ಲಿಸಿ ತನ್ನ ಅಂಗೈ ನೋಡಿಕೊಂಡ. "ಏನ್ ಸರ ಇದು, ಕೆರಿ ಕೆಸರಿದ್ದಂಗ ಐತಿ" ಎಂದ. ಮತ್ತೆ ತೋಡಿದ.

ಕೊಟ್ರೇಶ ಸಿಕ್ಕಾಗ ಉಸಿರಿರಲಿಲ್ಲ. ಹುಲಿಗೆಮ್ಮ ಬಂದಾಗ ಅವಳ ಕೈಯಲ್ಲಿ ಕಡಲೆಹಿಟ್ಟು ಇನ್ನೂ ಹಾಗೇ ಇತ್ತು.

ಮರುದಿನ ಹಾನಿ ನೋಡಲು ಒಬ್ಬ ಸರ್ಕಾರಿ ನೌಕರ ಬಂದ. ಬೈಕಿನಿಂದ ಇಳಿಯಲಿಲ್ಲ. "ಹಳೆ ಮಣ್ಣಿನ ಮನಿ ಅಲ್ರಿ, ಬೀಳತಾವ. ಮಳಿಗೆ ನೆನೆದಿರ್ತಾವ" ಎಂದ. "ಮಳೆ ಯಾವಾಗ ಬಂತು?" ಎಂದು ಕೇಳಿದೆ. "ಹಿಂದಿಂದು ಇರಬೌದು" ಎಂದು ಹೋದ.

ಮಣ್ಣು ಮುಟ್ಟಿ ನೋಡಲು ಬೈಕಿನಿಂದ ಇಳಿಯಬೇಕಾಗಿತ್ತು. ಅಷ್ಟು ಕಷ್ಟದ ಕೆಲಸವೇ ಅದು?

ಇದನ್ನಾದರೂ ನುಂಗಿಕೊಳ್ಳುತ್ತಿದ್ದೆನೇನೋ. ಕಾಂಟ್ರಾಕ್ಟರ್ ಫೋನಿನಲ್ಲಿ ಆಡಿದ ಮಾತನ್ನು ನುಂಗಲು ಆಗುತ್ತಿಲ್ಲ. ಕೊಟ್ರೇಶನನ್ನು ಮಣ್ಣು ಮಾಡಲು ಬಂದ ನೆಂಟರ ಮುಂದೆ ಯಾರೋ ಅವನಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದರು. "ನಮ್ದೇನ್ ತಪ್ಪಿಲ್ರಿ. ಆ ಹೆಣ್ಮಗಳು ಗ್ವಾಡಿಗೆ ಕೊಡಗಟ್ಟಲೆ ನೀರ್ ಹೊಡದಾಳ. ಓಣಿಯವರ್ನ ಕೇಳ್ರಿ" ಎಂದ.

ಕೊಟ್ರೇಶನ ಅಕ್ಕ ಹರಪನಹಳ್ಳಿಯಿಂದ ಬಂದಿದ್ದಳು. ಅಳುವುದನ್ನು ನಿಲ್ಲಿಸಿ ಹುಲಿಗೆಮ್ಮನ ಕಡೆ ತಿರುಗಿದಳು. "ನೀರು ಹಾಕಿದ್ಯೇನೇ ನೀನು?"

ಹುಲಿಗೆಮ್ಮ ಸುಳ್ಳು ಹೇಳುವವಳಲ್ಲ. "ಹಾಕೀನ್ರಿ ಅತ್ತಿಗಿ" ಎಂದಳು.

"ಹಂಗಾದ್ರೆ ನೀನೇ ಕೊಂದಿ ಬಿಡು ನನ್ ತಮ್ಮನ್ನ."

ಅಂದಿನಿಂದ ಇದೇ ಮಾತು. ಈಗ ಹುಲಿಗೆಮ್ಮನ ಗಾಡಿಯ ಮುಂದೆ ನಿಂತು ಮಂಡಕ್ಕಿ ತಿನ್ನುವವರೂ ದನಿ ತಗ್ಗಿಸಿ ಇದನ್ನೇ ಮಾತಾಡುತ್ತಾರೆ. ಅತ್ತಿಗೆ ತಿಥಿಗೂ ಬರಲಿಲ್ಲ. ಎಲ್ಲಕ್ಕಿಂತ ಕೆಟ್ಟದ್ದೆಂದರೆ, ಹುಲಿಗೆಮ್ಮನೇ ಅದನ್ನು ನಂಬತೊಡಗಿದ್ದಾಳೆ. ಹೋದ ವಾರ ಕಂಡಾಗ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: "ನಾ ಒಂದೆರಡ್ ಕೊಡ ಕಡಿಮಿ ಹಾಕಿದ್ರ ಉಳಿತಿದ್ನೇನ್ರಿ ಅಣ್ಣ?"

ಈಗ ಗೌರಮ್ಮತ್ತೆ ಹೇಳಿದ್ದಕ್ಕೆ ಬರುತ್ತೇನೆ.

ಸಿಮೆಂಟ್ ಗಿಲಾವು ಮಾಡಿದ ಮೇಲೆ ನೀರು ಹೊಡೆಯಬೇಕು, ಇಲ್ಲದಿದ್ದರೆ ಅದು ಸೀಳುತ್ತದೆ. ಇಟ್ಟಿಗೆಯ ಗೋಡೆಗೆ ಸರಿ. ಒಳಗೆ ಮಣ್ಣಿರುವ ಗೋಡೆಗೆ? ಗಿಲಾವು ಮುಗಿದ ದಿನ ಕಾಂಟ್ರಾಕ್ಟರ್ ಇದೇ ಓಣಿಯಲ್ಲಿ ನಿಂತು ಹುಲಿಗೆಮ್ಮನಿಗೆ ಹೇಳಿದ್ದನ್ನು ಗೌರಮ್ಮತ್ತೆ ತಮ್ಮ ಕಟ್ಟೆಯಿಂದ ಕೇಳಿದ್ದಾರೆ. "ಹತ್ತು ದಿನ ಮುಂಜಾನಿ ಸಂಜಿಕ ನೀರ್ ಹೊಡಿಬೇಕಮ್ಮ. ಕಡಿಮಿ ಮಾಡಬ್ಯಾಡ. ಕಡಿಮಿ ಮಾಡಿದ್ರ ಗ್ಯಾರಂಟಿ ಇಲ್ಲ."

"ನಾನಾ ಕೇಳೀನಿ ಅಳಿಯಾ" ಎಂದರು ಅತ್ತೆ. "ಕೊಡ ಹೊರಲಾರದ ಆಕಿ ಒಂದಿನ ಬಿಟ್ಟಿದ್ಲು. ಪೇಂಟ್ ಬಡಿಯಾಕ ಬಂದಾಗ ಅದಕ್ಕೂ ಬೈದು ಹೋದ ಅಂವ."

ಅಂದರೆ ನೀರು ಹೊಡೆಯಲು ಹೇಳಿದವನು ಅವನು. ಆ ನೀರು ಹೊರಗೆ ಹೋಗದಂತೆ ಒಳಗೆ ಪ್ಲಾಸ್ಟಿಕ್ಕು, ಆಮೇಲೆ ಹೊರಗೆ ಪೇಂಟು ಬಡಿದವನು ಅವನು. ಅವನು ಹೇಳಿದ್ದನ್ನು ಒಬ್ಬ ಹೆಂಗಸು ನಂಬಿ ಮಾಡಿದ್ದೇ ಈಗ ಅವಳ ಅಪರಾಧ.

ನನಗೆ ಸಿಟ್ಟು ಬಂದಿದೆ. ಸಿಟ್ಟಿನಲ್ಲಿ ಬರೆದರೆ ಮಾತು ತಪ್ಪಬಹುದೆಂದು ಇಷ್ಟು ದಿನ ತಡೆದೆ. ಈಗ ಅದೇ ವ್ಯಾನು ಹಿರೇಹಡಗಲಿಯ ಕಡೆ ತಿರುಗುತ್ತಿದೆ ಎಂದು ಕೇಳಿ ಬರೆಯುತ್ತಿದ್ದೇನೆ. ಬೇಸಿಗೆ ಎದುರಿಗಿದೆ, ಗಿರಾಕಿಗಳು ಸಿಗುತ್ತಾರೆ.

ಹಳೆ ಮನೆಯಲ್ಲಿ ಇರುವವರೇ, ಸೆಕೆಯಾದರೆ ಮೊದಲು ತಲೆ ಎತ್ತಿ ನೋಡಿ. ತಗಡಿನ ಕೆಳಗೆ ಬಿದಿರು ತಟ್ಟಿ ಕಟ್ಟಿ, ಅದರ ಮೇಲೆ ಜೋಳದ ದಂಟು ಹಾಸಿ, ತಗಡಿನ ಹೊರಮೈಗೆ ಸುಣ್ಣ ಬಳಿಯಿರಿ. ದುಡ್ಡಿದ್ದರೆ ಥರ್ಮಾಕೋಲನ್ನೂ ಅಲ್ಲೇ ಹಾಕಿಸಿ, ನನ್ನ ಜಗಳ ಥರ್ಮಾಕೋಲಿನ ಜೊತೆ ಅಲ್ಲ. ಗೋಡೆಯ ಬುಡದಲ್ಲಿ ನೀರು ನಿಲ್ಲದಂತೆ ನೋಡಿಕೊಳ್ಳಿ. ಮಣ್ಣಿನ ಗೋಡೆಗೆ ಮಣ್ಣನ್ನೇ, ಸುಣ್ಣವನ್ನೇ ಮೆತ್ತಿ. ಎರಡಡಿ ದಪ್ಪದ ಮಣ್ಣಿಗಿಂತ ದೊಡ್ಡ ಇನ್ಸುಲೇಷನ್ ಯಾವ ವ್ಯಾನಿನಲ್ಲಿ ಬರುತ್ತದೆ?

ಹುಲಿಗೆಮ್ಮನ ಪ್ರಶ್ನೆಗೆ ಅವತ್ತು ನಾನು ಕೊಟ್ಟ ಉತ್ತರ ಅವಳಿಗೆ ಸಾಕಾಗಲಿಲ್ಲ. ಒಬ್ಬನ ಮಾತಿನಿಂದ ಹೋಗುವ ಭಾರ ಅಲ್ಲ ಅದು. ಆದ್ದರಿಂದ ಎಲ್ಲರೂ ಓದುವಂತೆ ಹೇಳುತ್ತಿದ್ದೇನೆ: ಹರಪನಹಳ್ಳಿಯ ಅಕ್ಕ, ನಿಮ್ಮ ತಮ್ಮನನ್ನು ಹುಲಿಗೆಮ್ಮ ಕೊಲ್ಲಲಿಲ್ಲ. ಬಂದು ಕೇಳಿ.

ನೀರು ಹೊಡೆಯಲು ಹೇಳಿದ್ದನ್ನು ಕಿವಿಯಾರೆ ಕೇಳಿದ, ಗೋಡೆ ಬಿದ್ದದ್ದನ್ನು ಕಣ್ಣಾರೆ ಕಂಡ ಗೌರಮ್ಮ ಬದುಕಿದ್ದಾರೆ, ಆ ಹಸಿ ಮಣ್ಣನ್ನು ಅಂಗೈಯಲ್ಲಿ ಹಿಡಿದು ನೋಡಿದ ದರ್ಜಿ ಮೌಲಾಸಾಬ್ ಬದುಕಿದ್ದಾನೆ, ನಾನೂ ಇದ್ದೇನೆ.