ಜೋಡಿಯಿಲ್ಲದ ಎತ್ತು

ಮಕ್ಕಳ ಕೈಯಲ್ಲಿ ಮೊಲದ ಕಿವಿ ಮಾಡಿಸುವುದು ಬಲು ಸುಲಭ ಎನ್ನುವವರು ಯಾರಾದರೂ ಇದ್ದರೆ, ದಯವಿಟ್ಟು ನಾಳೆ ನನ್ನ ಒಂದನೇ ತರಗತಿಗೆ ಬನ್ನಿ ಗೆಳೆಯರೇ.

ಗಜೇಂದ್ರಗಡದ ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಯಿಂದ ಬಿಳಿ ರಟ್ಟು ತಂದು, ಇವತ್ತು ಎಲ್ಲರ ತಲೆಗೂ ಉದ್ದ ಕಿವಿಯ ಪಟ್ಟಿ ಕಟ್ಟಿಸಿದೆ. ಅಷ್ಟರಲ್ಲಿ ರೇಣುಕಾ ಎದ್ದು ನಿಂತಳು.

"ಟೀಚರ್, ಮೊಲಾ ಹೊಲದಾಗ ಏನ್ ಕೆಲಸ ಮಾಡ್ತೈತ್ರಿ?"

ನೋಡನೋಡುತ್ತಿದ್ದಂತೆ ಎಲ್ಲ ಕಿವಿಗಳೂ ಬಾಗಿ, ಕೆಂಪು ಬಣ್ಣ ಬಳಿದುಕೊಂಡು ಎತ್ತಿನ ಕೋಡುಗಳಾದವು. ಮಕ್ಕಳು ಇಬ್ಬಿಬ್ಬರು ಜೋಡಿಯಾಗಿ, ಹೆಗಲ ಮೇಲೆ ಸ್ಕೇಲಿನ ನೊಗ ಇಟ್ಟುಕೊಂಡು ತರಗತಿಯನ್ನೇ ಉಳತೊಡಗಿದರು. ಜೋಡಿ ಸಿಗದೆ ಉಳಿದ ರೇಣುಕಾ ಅಳಲು ಶುರು ಮಾಡಿದಳು.

"ನೀ ಒಬ್ಬಾಕೀನ ಆಡವಾ" ಎಂದೆ.

"ಒಂದ ಎತ್ತ ಕಟ್ಟಿ ಯಾರರ ಹೊಲಾ ಹರಗ್ತಾರೇನ್ರಿ?"

ಬೇರೆ ದಾರಿ ಕಾಣದೆ ನಾನೇ ಕೋಡು ಕಟ್ಟಿಕೊಂಡೆ. ಎತ್ತರ ಹೊಂದುವುದಿಲ್ಲವೆಂದು ಮೊಣಕಾಲ ಮೇಲೆ ನಿಲ್ಲಿಸಿದಳು. ಅವರ ಮನೆಯಲ್ಲಿ ದೊಡ್ಡ ಎತ್ತನ್ನು ಬಲಗಡೆಗೇ ಹೂಡುತ್ತಾರಂತೆ, ಬಲಕ್ಕೆ ಸರಿಸಿದಳು. ಎರಡು ಹೆಜ್ಜೆ ಹೋಗುವಷ್ಟರಲ್ಲಿ ಸೀರೆ ಸಿಕ್ಕಿಕೊಂಡು ಮುಗ್ಗರಿಸಿದೆ. ತಲೆ ಎತ್ತಿದರೆ ಬಾಗಿಲಲ್ಲಿ ಹೆಡ್‌ಮಾಸ್ಟರ್.

"ಏನ್ರಿ ಟೀಚರ್ ಇದು?"

ನಾನು ಬಾಯಿ ತೆರೆಯುವ ಮೊದಲೇ ರೇಣುಕಾ ನನ್ನ ಬೆನ್ನು ಚಪ್ಪರಿಸುತ್ತಾ ಹೇಳಿದಳು: "ಹೊಸಾ ಎತ್ತ್ರಿ ಸರ್. ಇನ್ನೂ ಪಳಗಿಲ್ಲ."

ಬರುವ ವರ್ಷ ನನ್ನ ನಿವೃತ್ತಿ.